ಶೈಖಾನನ ಎಂಟೂವರೆ

ಶೈಖಾನ್ ಬಿನ್ ಹಾರಿಬ್ ಎಂಜಿನ್ ಬಿಚ್ಚುವುದಕ್ಕೆ ಮೊದಲು ಕೈ ತೊಳೆಯುತ್ತಿದ್ದ. ಬಿಚ್ಚಿದ ಮೇಲೆ ಎಲ್ಲರೂ ತೊಳೆಯುತ್ತಾರೆ, ಇವನು ಮೊದಲೂ ತೊಳೆಯುವವನು. ಇದನ್ನು ಕಂಡು ನಗುವವರು ಬಿದಿಯಾ ಊರಿನಲ್ಲಿ ಬೇಕಾದಷ್ಟು ಜನ ಇದ್ದರು. ನಕ್ಕವರೆಲ್ಲ ಕೊನೆಗೆ ತಮ್ಮ ಗಾಡಿಯನ್ನು ಅವನ ಅಂಗಳಕ್ಕೇ ತಂದು ನಿಲ್ಲಿಸುತ್ತಿದ್ದರು. ಸೈನ್ಯದ ಲಾರಿಗಳ ವರ್ಕ್‌ಶಾಪಿನಲ್ಲಿ ಅರ್ಧ ಆಯಸ್ಸು ಕಳೆದು, ಪಿಂಚಣಿ ಹಿಡಿದು ಊರಿಗೆ ಮರಳಿದ ಮನುಷ್ಯ. ಖರ್ಜೂರದ ತೋಟಕ್ಕೆ ನೀರು ಹಾಯಿಸಿಕೊಂಡು, ಗಂಡಸರು ಕೂಡುವ ಮಜ್ಲಿಸ್ಸಿನಲ್ಲಿ ಕಾಫಿ ಕುಡಿದುಕೊಂಡು ಹಾಯಾಗಿರಬಹುದಿತ್ತು. ಆದರೆ ಸುಮ್ಮನಿರಲಾರದ ಜೀವ. ಮನೆಯ ಹಿಂದೆ ಗರಿ ಚಪ್ಪರ ಹಾಕಿ, ಎಂಜಿನ್ ಎತ್ತುವ ಸರಪಳಿ ತೂಗುಬಿಟ್ಟು, ಊರ ಹುಡುಗರ ಗಾಡಿಗಳಿಗೆ ಟರ್ಬೊ ಕೂರಿಸಿಕೊಡುವ ಕೆಲಸ ಹಚ್ಚಿಕೊಂಡ.

ಮರಳಿನ ಅಂಚಿನಲ್ಲಿ ಬದುಕುವವರಿಗೆ ದಿಬ್ಬ ಹತ್ತುವ ಹುಚ್ಚು ಹುಟ್ಟಿನಿಂದಲೇ ಬರುತ್ತದೆ. ಅಜ್ಜಂದಿರು ಒಂಟೆ ಓಡಿಸಿದರು, ಮೊಮ್ಮಕ್ಕಳು ಗಾಡಿ ಹತ್ತಿಸುತ್ತಾರೆ. ಚಳಿಗಾಲದ ಶುಕ್ರವಾರಗಳಲ್ಲಿ ಅಬು ಸನಾಮ್ ದಿಬ್ಬದ ಬುಡದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಬು ಸನಾಮ್ ಎಂದರೆ ಡುಬ್ಬದಪ್ಪ. ಬುಡದಲ್ಲಿ ಸಾಧುವಿನ ಹಾಗೆ ಮಲಗಿರುವ ಈ ಡುಬ್ಬದಪ್ಪ ಹೆಗಲಿನ ಹತ್ತಿರ ಗೋಡೆಯಾಗಿ ಎದ್ದು ನಿಲ್ಲುತ್ತಾನೆ. ಅಲ್ಲಿ ಎಂಜಿನ್ ಉಸಿರು ಬಿಟ್ಟರೆ ಗಾಡಿ ಹಿಂದಕ್ಕೆ ಜಾರಿ, ಅಡ್ಡ ತಿರುಗಿ, ಉರುಳುತ್ತದೆ. ಹಿಂದಿನ ಚಳಿಗಾಲದಲ್ಲಿ ಹಾಗೆ ಉರುಳಿದ ತರುಣನೊಬ್ಬ ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಹಾಸಿಗೆ ಹಿಡಿದಿದ್ದ. ಅವನನ್ನು ನೋಡಿಕೊಂಡು ಬಂದ ದಿನ ಶೈಖಾನ್ ಊಟ ಮುಟ್ಟಲಿಲ್ಲ.

ಟರ್ಬೊ ಕೂರಿಸುವುದೆಂದರೆ ಕಿವಿಗೆ ಓಲೆ ಹಾಕಿದಂತಲ್ಲ ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಎಂಜಿನ್ ತಾನು ಎಳೆದುಕೊಂಡ ಹತ್ತು ಪಾಲು ಗಾಳಿಯನ್ನು ಒಂದು ಪಾಲಿನ ಜಾಗಕ್ಕೆ ಅದುಮಿ, ಆಮೇಲೆ ಕಿಡಿ ಹೊತ್ತಿಸುತ್ತದೆ. ಟರ್ಬೊ ಬಂದರೆ ಅದೇ ಹೊಟ್ಟೆಗೆ ಇನ್ನಷ್ಟು ಗಾಳಿ ತುರುಕುತ್ತದೆ. ಅಷ್ಟನ್ನೂ ಹಳೆಯ ಅಳತೆಗೇ ಅದುಮಿದರೆ ಪೆಟ್ರೋಲು ಕಿಡಿಗೆ ಕಾಯುವುದಿಲ್ಲ, ತಾನೇ ಸಿಡಿದು ಪಿಸ್ಟನ್ನಿನ ನೆತ್ತಿಗೆ ಸುತ್ತಿಗೆಯ ಏಟು ಕೊಡುತ್ತದೆ. ಅದಕ್ಕೇ ಮೊದಲು ಒಳಗೆ ಜಾಗ ಮಾಡಬೇಕು. ನೆತ್ತಿ ತಗ್ಗಾದ ಪಿಸ್ಟನ್ ಹಾಕಬೇಕು, ಎಂಜಿನ್ನಿಗೂ ಅದರ ಮೇಲೆ ಮುಚ್ಚುವ ಹೆಡ್ಡಿಗೂ ನಡುವೆ ದಪ್ಪ ತಾಮ್ರದ ಗ್ಯಾಸ್ಕೆಟ್ ಕೂರಿಸಬೇಕು. ಹತ್ತು ಇದ್ದದ್ದು ಎಂಟೂವರೆಗೆ ಇಳಿಯಬೇಕು. “ನೂರು ಜನ ನೆಂಟರು ಬರ್ತಾರೆ ಅಂದ್ರೆ ಮೊದಲು ಚಾಪೆ ಹಾಸ್ತೀರೋ, ಇಲ್ಲ ಒಬ್ಬರ ತಲೆ ಮೇಲೆ ಒಬ್ಬರನ್ನ ಕೂರಿಸ್ತೀರೋ?” ಎಂದು ಕೇಳುತ್ತಿದ್ದ. ಹುಡುಗರು ಅವನಿಗೆ ‘ಎಂಟೂವರೆ’ ಎಂದೇ ಹೆಸರಿಟ್ಟಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು. ಒಳಗೊಳಗೇ ಖುಷಿಯೂ ಇತ್ತು.

ತಮ್ಮ ಸುರೂರ್ ಅವನಿಗಿಂತ ಬಹಳ ಚಿಕ್ಕವನು. ಸುರೂರನನ್ನು ಹೆತ್ತ ವರ್ಷವೇ ತಾಯಿ ತೀರಿಕೊಂಡಿದ್ದಳು. ಅಕ್ಕ ಗನಿಯಾ ಹಾಲು ಕುಡಿಸಿದಳು, ಶೈಖಾನ್ ಹೆಗಲ ಮೇಲೆ ಹೊತ್ತು ತಿರುಗಿದ. ಈಗ ಆ ಹೆಗಲ ಮೇಲಿನ ಕೂಸು ಮೀಸೆ ತಿರುವಿಕೊಂಡು ನೀರಿನ ಟ್ಯಾಂಕರ್ ಓಡಿಸುತ್ತಿತ್ತು. ಹಿಂದಿನ ವರ್ಷ ತನ್ನ ಸ್ವಂತ ಗಾಡಿಯಲ್ಲಿ ಡುಬ್ಬದಪ್ಪನ ಹೆಗಲ ತನಕ ಹೋಗಿ, ಅದರ ಕಸುವು ಸಾಲದೆ, ಪುಣ್ಯಕ್ಕೆ ನೇರವಾಗಿಯೇ ಜಾರಿ ಕೆಳಗೆ ಬಂದಿದ್ದ. ನೆರೆಸೀಮೆ ಜಅಲಾನ್ ಕಡೆಯ ಹುಡುಗರು ಅದನ್ನೇ ಹಿಡಿದು ಆಡಿಕೊಂಡರು. “ದಿಬ್ಬಕ್ಕೆ ಸಲಾಂ ಹೇಳಿ ಬರೋಕೆ ಹೋಗಿದ್ದ, ಪಾಪ, ಮರ್ಯಾದಸ್ಥ!” ಸುರೂರ್ ವರ್ಷವಿಡೀ ಅದನ್ನು ಮಡಿಲಲ್ಲಿ ಕೆಂಡ ಕಟ್ಟಿಕೊಂಡಂತೆ ಕಟ್ಟಿಕೊಂಡು ತಿರುಗಿದ. ಟರ್ಬೊ ಹಾಕಿಕೊಡು ಎಂದು ಅಣ್ಣನ ದುಂಬಾಲು ಬಿದ್ದ. ಅಣ್ಣ ಆಗುವುದಿಲ್ಲವೆಂದ. ಕೊನೆಗೆ ಸುರೂರ್, “ನೀನು ಹಾಕದೆ ಇದ್ರೆ ಹಾಕೋರು ಬೇರೆ ಇದ್ದಾರೆ, ಬಿಡು,” ಎಂದ. ಹಾಸಿಗೆ ಹಿಡಿದ ಆ ತರುಣ ಶೈಖಾನನ ಕಣ್ಣ ಮುಂದೆ ಬಂದ. ಬೇರೆಯವರ ಕೈಗೆ ಬೀಳುವುದಕ್ಕಿಂತ ತನ್ನ ಕೈಯೇ ವಾಸಿ ಎಂದು ಒಪ್ಪಿಕೊಂಡ.

ಒಪ್ಪಿಕೊಂಡ ಮೇಲೆ ದೇವರ ಕೆಲಸದಂತೆ ಮಾಡಿದ. ಹೆಡ್ಡಿನ ಅಡಿಯಲ್ಲಿ ಪ್ರತಿ ಸಿಲಿಂಡರಿಗೂ ಒಂದೊಂದು ಗುಳಿ ಇರುತ್ತದೆ. ಗುಳಿಯ ಮೇಲೆ ತೂತಿನ ಗಾಜು ಮುಚ್ಚಿ, ತೂತಿನಿಂದ ಸಿರಿಂಜಿನಲ್ಲಿ ಎಣ್ಣೆ ಬಿಟ್ಟು, ಎಷ್ಟು ಹಿಡಿಯುತ್ತದೆಂದು ಅಳೆದ. ಅಳತೆಗೆ ತಕ್ಕ ಗ್ಯಾಸ್ಕೆಟ್ ಕತ್ತರಿಸಿದ. ಲೆಕ್ಕ ಎಂಟೂವರೆಗೆ ಬಂದು ನಿಂತಿತು. ವಾಲ್ವುಗಳನ್ನು ಸರಿಯಾಗಿ ಕೂರಿಸುವುದಷ್ಟೇ ಬಾಕಿ. ಅದಕ್ಕೆ ಹತ್ತಿರದ ಪೇಟೆ ಇಬ್ರಾದಲ್ಲಿ ಲೋಹ ಕಡೆಯುವ ಲೇತ್ ಅಂಗಡಿಯೇ ಆಗಬೇಕು. ಮೇಕೆ ಸಂತೆಗೆಂದು ಇಬ್ರಾಕ್ಕೆ ಹೊರಟಿದ್ದ ಭಾವ ಮುಸಲ್ಲಮ್ ತಾನೇ ಮುಂದೆ ಬಂದು, “ಹೆಡ್ ನಾನು ಒಯ್ತೀನಿ, ಬಿಡು,” ಎಂದ. ಇಲ್ಲೇ ಕಥೆ ದಾರಿ ತಪ್ಪಿದ್ದು.

ಮುಸಲ್ಲಮ್ ಎಂದರೆ ಅಕ್ಕ ಗನಿಯಾಳ ಗಂಡ. ಒಂಟೆಗಳಿದ್ದವು, ತುಂಬು ಬಿಳಿಗಡ್ಡವಿತ್ತು, ಮೂಗಿನ ತುದಿಯಲ್ಲಿ ಸಿಟ್ಟಿತ್ತು. ಯಾರಾದರೂ ತನ್ನ ಮಾತಿಗೆ ಎರಡನೇ ಸಲ “ಹೌದಾ?” ಎಂದರೆ ಎದ್ದು ಹೋಗಿಬಿಡುವ ಆಸಾಮಿ. ಹಿಂದೊಮ್ಮೆ ಯಾವುದೋ ಒಂಟೆಯ ವಯಸ್ಸಿನ ವಿಷಯಕ್ಕೆ ಹೀಗೇ ಎದ್ದು ಹೋದವನು ಎರಡು ಹಬ್ಬಗಳ ತನಕ ಹೆಂಡತಿಯನ್ನು ತವರಿಗೆ ಕಳಿಸಿರಲಿಲ್ಲ. ಗನಿಯಾ ಅತ್ತದ್ದು ಗೋಡೆಗೆ ಗೊತ್ತು, ಶೈಖಾನನಿಗೆ ಗೊತ್ತು.

ಈ ಸೀಮೆಯಲ್ಲಿ ಮನೆಗೆ ಬಂದವನನ್ನು ಕೂರಿಸಿ, ಖರ್ಜೂರ ಕೊಟ್ಟು, ಕಾಫಿ ಸುರಿದು, ಆಮೇಲೆ ಸುದ್ದಿ ಕೇಳಬೇಕು. ಕೇಳುವುದಕ್ಕೂ ಹೇಳುವುದಕ್ಕೂ ಕ್ರಮವಿದೆ. “ಏನು ಸುದ್ದಿ?” ಎಂದರೆ “ಒಳ್ಳೇದೇ, ಬೇರೇನಿಲ್ಲ” ಎನ್ನಬೇಕು. ಮನೆಗೆ ಬೆಂಕಿ ಬಿದ್ದು ಓಡಿ ಬಂದವನೂ ಮೊದಲು ಅದನ್ನೇ ಹೇಳಬೇಕು. ಕೆಟ್ಟದ್ದೇನಾದರೂ ಇದ್ದರೆ ಆಮೇಲೆ, ಪಕ್ಕಕ್ಕೆ ಕರೆದು, ಮೆಲ್ಲಗೆ. ನಾಲ್ಕು ಜನರ ಮುಂದೆ ಒಳ್ಳೆಯ ಸುದ್ದಿ ಹೇಳಿದವನನ್ನು ಮತ್ತೆ ಕೆದಕಿದರೆ ಅವನನ್ನು ಸುಳ್ಳ ಎಂದಂತೆ. ಬಹಳ ಚೆಂದದ ಪದ್ಧತಿ. ಎಷ್ಟೋ ಜಗಳಗಳನ್ನು ಅವು ಹುಟ್ಟುವ ಮೊದಲೇ ತಣಿಸಿದೆ. ಎಷ್ಟೋ ಸತ್ಯಗಳನ್ನೂ ಹಾಗೆಯೇ ಮಣ್ಣು ಮಾಡಿದೆ.

ಮುಸಲ್ಲಮ್ ಹೆಡ್ಡನ್ನು ಗೋಣಿಯಲ್ಲಿ ಸುತ್ತಿಕೊಂಡು ಮರಳಿದಾಗ ಅಂಗಳದಲ್ಲಿ ಊರ ಹಿರಿಯರಿಬ್ಬರು ಕೂತಿದ್ದರು. ಶೈಖಾನ್ ಗಾಜು ಒರೆಸಿಟ್ಟು, ಸಿರಿಂಜಿಗೆ ಎಣ್ಣೆ ತುಂಬಿ, ಕೈಯಲ್ಲೇ ಹಿಡಿದುಕೊಂಡಿದ್ದ. ಲೇತ್‌ನಿಂದ ಬಂದ ಹೆಡ್ಡನ್ನು ಇನ್ನೊಮ್ಮೆ ಅಳೆಯದೆ ಕೂರಿಸುವ ಅಭ್ಯಾಸ ಅವನಿಗಿರಲಿಲ್ಲ. ಖರ್ಜೂರವಾಯಿತು, ಕಾಫಿಯಾಯಿತು.

“ಏನು ಸುದ್ದಿ ಭಾವ?”

“ಒಳ್ಳೇದೇ, ಬೇರೇನಿಲ್ಲ. ನಿನ್ ಕಡೆ?”

“ಒಳ್ಳೇದೇ. ಲೇತ್‌ನವನು ಏನಂದ?”

“ಏನಂತಾನೆ? ವಾಲ್ವು ಕೂರಿಸಿದ, ಕೊಟ್ಟ.”

ಶೈಖಾನ್ ಗೋಣಿ ಬಿಡಿಸಿದ. ಹೆಡ್ಡಿನ ಅಡಿ ಕನ್ನಡಿಯಂತೆ ಹೊಳೆಯುತ್ತಿತ್ತು. “ಮುಖ ಹೊಳೀತಿದೆಯಲ್ಲ. ರಂದ ಹೊಡೆದು ಲೋಹ ಏನಾದ್ರೂ ಕೆರೆದ್ನಾ?”

“ಹೊಳಪು ಕೊಟ್ಟ ಅಷ್ಟೇ.” ಮುಸಲ್ಲಮ್ ಬಟ್ಟಲು ಕೆಳಗಿಟ್ಟ. “ನೀನು ಸುದ್ದಿ ಕೇಳಿದೆ, ನಾನು ಹೇಳಿದೆ. ಒಳ್ಳೇದು ಅಂದೆನಲ್ಲ.”

ಹಿರಿಯರಿಬ್ಬರೂ ಶೈಖಾನನ ಕೈಯಲ್ಲಿದ್ದ ಸಿರಿಂಜನ್ನು ನೋಡಿದರು. ಆ ಸಿರಿಂಜು ಈಗ ಗುಳಿಗೆ ಇಳಿದರೆ, ಅದು ಭಾವನ ಬಾಯಿಗೆ ಕೈ ಹಾಕಿ ನಾಲಿಗೆ ಎಳೆದು ನೋಡಿದ ಹಾಗೆ. ಅಕ್ಕನ ಮುಖ ನೆನಪಾಯಿತು. ಶೈಖಾನ್ ಸಿರಿಂಜನ್ನು ಕಪಾಟಿಗೆ ಇಟ್ಟುಬಿಟ್ಟ. ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡಿದ್ದ. ಆದರೆ ಭಾವ ಎದ್ದು ಹೋಗಲೇ ಇಲ್ಲ. “ತಗೋ, ಕೂರಿಸಿಬಿಡೋಣ,” ಎಂದು ತಾನೇ ತೋಳು ಮಡಚಿ ಒಂದು ಕಡೆ ಎತ್ತಿ ಹಿಡಿದ. ಅಷ್ಟರಲ್ಲಿ ಸುರೂರನೂ ಬಂದು ಸ್ಪಾನರ್ ಹಿಡಿದ. ಸೂರ್ಯ ಮುಳುಗುವ ಹೊತ್ತಿನ ನಮಾಜಿಗೆ ಮೊದಲೇ ಹೆಡ್ ಕೂತು, ಬೋಲ್ಟುಗಳು ಬಿಗಿದಾಗಿತ್ತು. ಜೀವಮಾನವಿಡೀ ಅಳೆದವನು ಅಳೆಯಲೇಬೇಕಾದ ಒಂದು ದಿನ ಮರ್ಯಾದೆಗೆ ಕಟ್ಟುಬಿದ್ದು ಕೈಕಟ್ಟಿ ನಿಂತ. ನನಗೆ ಅವನ ಮೇಲೆ ಈಗಲೂ ಸಿಟ್ಟಿದೆ, ಆದರೆ ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ತೋಟದ ಹಿಂದಿನ ಬಯಲಿನಲ್ಲಿ ಗಾಡಿ ಓಡಿಸಿ ನೋಡಿದರು. ಸುರೂರ್ ಸ್ಟಿಯರಿಂಗ್ ಹಿಡಿದಿದ್ದ, ಶೈಖಾನ್ ಪಕ್ಕದಲ್ಲಿ. ಟರ್ಬೊ ಸಿಳ್ಳೆ ಹೊಡೆಯಲು ಶುರುಮಾಡಿದ್ದೇ ಗಾಡಿ ಬೆನ್ನಿಗೆ ಒದ್ದಂತೆ ಹಾರಿತು. ಸುರೂರ್ ಮಗುವಿನ ಹಾಗೆ ಕೂಗಿದ. ಶೈಖಾನನ ಕಿವಿ ಮಾತ್ರ ನಿಮಿರಿತು. ಸಿಳ್ಳೆಯ ಅಡಿಯಲ್ಲಿ ಇನ್ನೊಂದು ಸದ್ದಿತ್ತು. ಡಬ್ಬಿಯಲ್ಲಿ ನಾಲ್ಕು ಕಡಲೆಕಾಳು ಹಾಕಿ ಅಲುಗಿಸಿದ ಹಾಗೆ.

“ನಿಲ್ಲಿಸು.”

“ಯಾಕಣ್ಣ?”

“ಕೇಳಿಸ್ಲಿಲ್ವಾ?”

“ಏನು? ನನಗೆ ಜಅಲಾನ್‌ನವರು ಅಳೋದು ಕೇಳಿಸ್ತು!”

ಶೈಖಾನ್ ಕಿಡಿ ಹೊತ್ತುವ ಹೊತ್ತನ್ನು ತುಸು ತಡಮಾಡಿದ. ಒಳ್ಳೆಯ ಪೆಟ್ರೋಲು ತರಿಸಿ ಹಾಕಿದ. ಸದ್ದು ಕಡಿಮೆಯಾಯಿತು, ಹೋಗಲಿಲ್ಲ. ಬಯಲಿನಲ್ಲಿ ಎಂಜಿನ್ನಿಗೆ ಪೂರ್ತಿ ಭಾರ ಬೀಳುವುದಿಲ್ಲ. ಡುಬ್ಬದಪ್ಪನ ಹೆಗಲ ಮೇಲೆ ಬೀಳುತ್ತದೆ. ಅಲ್ಲಿ ಈ ಕಡಲೆಕಾಳು ಸುತ್ತಿಗೆಯ ಏಟಾದೀತೆಂದು ಶೈಖಾನನಿಗೆ ಗೊತ್ತಿತ್ತು. ಲೆಕ್ಕವನ್ನು ಮತ್ತೆ ಮತ್ತೆ ಮಾಡಿದ. ಪ್ರತಿ ಸಲವೂ ಎಂಟೂವರೆಯೇ ಬಂತು.

“ಎಂಜಿನ್ ಕೆಮ್ಮಿದ್ರೆ ನೀವ್ಯಾಕೆ ಜ್ವರ ಬಂದೋರ ಥರ ಕೂತಿದ್ದೀರಿ?” ಹೆಂಡತಿ ಜುವೈನಾ ಅನ್ನ ಮೀನು ಮುಂದಿಟ್ಟು ಕೇಳಿದಳು.

“ಲೆಕ್ಕ ಸರಿ ಇದೆ. ಸದ್ದು ತಪ್ಪಿದೆ. ಎರಡರಲ್ಲಿ ಒಂದು ಸುಳ್ಳು ಹೇಳ್ತಿದೆ.”

“ಹೆಡ್ ತಂದೋರನ್ನ ಕೇಳಿ.”

“ಕೇಳೋದು ಹೇಗೆ? ಒಳ್ಳೇದು ಅಂದಿದ್ದಾರೆ.”

“ನೀವು ಕೇಳದೆ ಇದ್ರೆ ಆಸ್ಪತ್ರೆಯಲ್ಲಿ ಡಾಕ್ಟ್ರು ಕೇಳ್ತಾರೆ,” ಎಂದಳು ಜುವೈನಾ. ಅವಳ ನಾಲಿಗೆಗೆ ಪದ್ಧತಿ ಗಿದ್ಧತಿ ಇರಲಿಲ್ಲ.

ಗುರುವಾರ ಅಕ್ಕನ ಮನೆಗೆ ಹೋದ. ಗನಿಯಾ ಹಲ್ವ ತಂದಿಟ್ಟು, ತಮ್ಮನ ತಲೆ ನೇವರಿಸಿ, ಬಾಗಿಲ ಬಳಿ ಕೂತಳು. ಶೈಖಾನ್ ಒಂಟೆಗಳನ್ನು ವಿಚಾರಿಸಿದ, ಮೇಕೆಯ ದರ ವಿಚಾರಿಸಿದ, ಸುತ್ತಿ ಬಳಸಿ, “ಲೇತ್‌ನವನು ಹೆಡ್ ಬಗ್ಗೆ ಬೇರೇನಾದ್ರೂ ಮಾತಾಡಿದ್ನಾ ಭಾವ, ಸುಮ್ಮನೆ ಕೇಳ್ದೆ,” ಎಂದ. ಮುಸಲ್ಲಮ್ ಗಡ್ಡದ ಮೇಲೆ ಕೈಯಾಡಿಸಿ ಹೊರಗೆ ನೋಡಿದ. “ಒಳ್ಳೇದು ಅಂದೆನಲ್ಲಯ್ಯ.” ಗನಿಯಾ ತಮ್ಮನ ಕಡೆ ಹೆದರಿದ ಕಣ್ಣು ಎತ್ತಿದಳು. ಕಾಫಿ ಸಾಕು ಎಂಬುದಕ್ಕೆ ಬಟ್ಟಲು ಅಲುಗಿಸಿ ಶೈಖಾನ್ ಎದ್ದು ಬಂದ.

ಅಲ್ಲಿಂದ ನೇರ ಸುರೂರನ ಹತ್ತಿರ ಹೋದ. “ಒಂದು ವಾರ ಬಿಡೋ. ಹೆಡ್ ಬಿಚ್ಚಿ ನೋಡಿಬಿಡ್ತೀನಿ.”

“ನಾಳೆಗೆ ಹೆಸರು ಕೊಟ್ಟಾಗಿದೆ ಅಣ್ಣ. ಈಗ ಹಿಂದೆ ಸರಿದ್ರೆ ಬಳೆ ತೊಟ್ಕೋ ಅಂತಾರೆ.”

“ತೊಟ್ಕೋ. ಬಳೆ ತೊಟ್ಟೋರು ಯಾರೂ ಸತ್ತಿಲ್ಲ.”

“ಲೆಕ್ಕ ಸರಿ ಇದೆಯೋ ಇಲ್ವೋ? ನೀನೇ ಹೇಳು.”

ಲೆಕ್ಕ ಸರಿ ಇತ್ತು.

ಶುಕ್ರವಾರ ನಮಾಜು ಮುಗಿದ ಮೇಲೆ ಊರಿಗೆ ಊರೇ ದಿಬ್ಬದ ಬುಡದಲ್ಲಿತ್ತು. ಹಿರಿಯರಿಗೆ ಚಾಪೆ ಹಾಸಿ, ಕಾಫಿಯ ಹೂಜಿ ಇಟ್ಟಿದ್ದರು. ಜಅಲಾನ್‌ನ ಕೆಂಪು ಗಾಡಿ ಮೊದಲು ಹತ್ತಿತು. ಹೆಗಲ ಬಳಿ ಒಂದು ಕ್ಷಣ ತಡವರಿಸಿ, ಮರಳು ಉಗುಳಿ, ನೆತ್ತಿ ದಾಟಿ ಹಾರನ್ ಹೊಡೆಯಿತು. ಅವರ ಕಡೆಯವರು ಕುಣಿದರು. ಮುಂದಿನ ಸರದಿ ಸುರೂರನದು. ಅವನು ಶಿರಸ್ತ್ರಾಣ ಬಿಗಿದುಕೊಂಡು, ಗಾಡಿಯನ್ನು ಗೆರೆಗೆ ತಂದು, ಎಂಜಿನ್ ಕಾಯಿಸುತ್ತಿದ್ದ. ಶೈಖಾನ್ ಚಾಪೆಯ ಅಂಚಿನಲ್ಲಿ ನಿಂತು ಆ ಸದ್ದಿಗೆ ಕಿವಿಗೊಟ್ಟಿದ್ದ. ಕೈಯಲ್ಲಿದ್ದ ಬಟ್ಟಲಿನ ಕಾಫಿ ಮುಟ್ಟದೆ ಆರಿತ್ತು.

ಆಗ ಮುಸಲ್ಲಮ್ ಕಂಡ. ಮರಳಿನಲ್ಲಿ ಬೀಳುತ್ತ ಏಳುತ್ತ, ಚಪ್ಪಲಿ ಕೈಯಲ್ಲಿ ಹಿಡಿದು, ಏದುಸಿರು ಬಿಡುತ್ತ ಬರುತ್ತಿದ್ದ. ಬಂದವನು ಚಾಪೆಯ ಮುಂದೆ ನಿಂತ. ಹಿರಿಯರೆಲ್ಲ ಎದ್ದರು. ಸಾಲಿನ ಮೊದಲಿಂದ ಒಬ್ಬೊಬ್ಬರಿಗೂ ಮೂಗು ತಾಗಿಸಿ ಸಲಾಂ ಹೇಳಬೇಕು, ಯಾರನ್ನೂ ದಾಟುವ ಹಾಗಿಲ್ಲ. ಹೇಗಿದ್ದೀರಿ? ದೇವರ ದಯೆ. ಮಕ್ಕಳು ಹೇಗಿದ್ದಾರೆ? ದೇವರ ದಯೆ. ಏನು ಸುದ್ದಿ? ಒಳ್ಳೇದೇ, ಬೇರೇನಿಲ್ಲ. ಒಬ್ಬರಾಯಿತು, ಇನ್ನೊಬ್ಬರು. ಒಂಟೆಗಳು ಹೇಗಿವೆ? ದೇವರ ದಯೆ. ಏನು ಸುದ್ದಿ? ಒಳ್ಳೇದೇ. ಆ ಕಡೆ ಎಂಜಿನ್ ಏರುತ್ತಿತ್ತು. ಬಾವುಟ ಹಿಡಿದವನು ಗೆರೆಯ ಕಡೆ ನಡೆಯುತ್ತಿದ್ದ. ಸಾಲಿನ ತುದಿಯಲ್ಲಿದ್ದ ಶೈಖಾನ್ ಭಾವನ ಮುಖವನ್ನೇ ನೋಡುತ್ತಿದ್ದ. ಆ ಮುಖದಲ್ಲಿ ರಕ್ತವಿರಲಿಲ್ಲ. “ಒಳ್ಳೇದೇ” ಎನ್ನುತ್ತಿದ್ದ ಬಾಯಿ ಒಣಗಿ ಬಿಳುಚಿತ್ತು.

ಕೊನೆಗೂ ಮುಸಲ್ಲಮ್ ಅವನ ಮುಂದೆ ಬಂದ. ಸಲಾಂ ಹೇಳಲಿಲ್ಲ. ತೋಳು ಹಿಡಿದು ಪಕ್ಕದ ಗಾಡಿಯ ಮರೆಗೆ ಎಳೆದ.

“ಸುದ್ದಿ ಒಳ್ಳೇದಲ್ಲ ಕಣೋ. ನಾನು ಸುಳ್ಳು ಹೇಳ್ದೆ.”

“ಬೇಗ ಹೇಳಿ.”

“ಒಂಟೆಗೆ ನೀರು ಒಯ್ಯೋಕೆ ನಾನು ಸುರೂರನ ಗಾಡಿ ತಗೊಂಡಿದ್ದೆನಲ್ಲ, ನೀನು ಬಿಚ್ಚೋಕೆ ಮೊದಲು. ದಾರೀಲಿ ರೇಡಿಯೇಟರ್ ನೀರು ಖಾಲಿಯಾಗಿ ಎಂಜಿನ್ ಕುದೀತು. ನಿಲ್ಲಿಸ್ದೆ ಓಡಿಸ್ಬಿಟ್ಟೆ. ಹೆಡ್ ಸೊಟ್ಟ ಆಗಿದೆ ಅಂದ ಲೇತ್‌ನವನು. ರಂದ ಹೊಡೆದ. ಸಾಲಲ್ಲ ಅಂತ ಮತ್ತೆ ಹೊಡೆದ. ಅವತ್ತು ಹಿರಿಯರು ಕೂತಿದ್ರಲ್ಲೋ, ಅವರ ಮುಂದೆ ಹೇಗೆ ಹೇಳ್ಲಿ? ಆಮೇಲೆ ಹೇಳೋ ಹೊತ್ತೂ ಹೋಯ್ತು.”

“ಎಷ್ಟು ತೆಗೆದ?”

ಮುಸಲ್ಲಮ್ ಜೇಬಿನಿಂದ ಒಂದು ನಾಣ್ಯ ತೆಗೆದು ಅದರ ಅಂಚಿನ ದಪ್ಪ ತೋರಿಸಿದ.

ಶೈಖಾನನಿಗೆ ಕಾಗದ ಬೇಕಾಗಲಿಲ್ಲ. ದಪ್ಪ ಗ್ಯಾಸ್ಕೆಟ್ ಕೊಟ್ಟದ್ದನ್ನೆಲ್ಲ ರಂದ ತಿಂದುಹಾಕಿತ್ತು. ಅವನು ಅಳೆದ ಗುಳಿಯ ಆಳ ಕಡಿಮೆಯಾಗಿತ್ತು, ಈಗ ಅದು ಆ ಗುಳಿಯೇ ಅಲ್ಲ. ಎಂಟೂವರೆ ಎಂಬುದು ಅವನ ತಲೆಯಲ್ಲಿ ಮಾತ್ರ ಇತ್ತು. ಎಂಜಿನ್ನಿನಲ್ಲಿ ಅದು ಒಂಬತ್ತೂವರೆ ದಾಟಿತ್ತು. ಅವನು ಬಟ್ಟಲು ಎಸೆದು ಓಡಿದ.

ಗೆರೆಯ ಮುಂದೆ ಹೋಗಿ ಗಾಡಿಗೆ ಎದೆಯೊಡ್ಡಿ ನಿಂತಾಗ ಬಾವುಟ ಇನ್ನೇನು ಬೀಳಬೇಕಿತ್ತು. ಜನ ಹೋ ಎಂದಿತು. ಜಅಲಾನ್‌ನವರ ಕಡೆಯಿಂದ, “ಎಂಟೂವರೆ ಅಜ್ಜಾ, ಪಕ್ಕಕ್ಕೆ ಸರಿ!” ಎಂದು ಒಬ್ಬ ಕೂಗಿದ. “ತಮ್ಮನ್ನ ಕೈ ಹಿಡ್ಕೊಂಡು ಹತ್ತಿಸ್ತಾರಂತೆ!” ಎಂದ ಇನ್ನೊಬ್ಬ. ಸುರೂರ್ ಕಿಟಕಿ ಇಳಿಸಿದ.

“ಏನಣ್ಣ ಇದು? ಆ ಕಡೆ ಸರಿ!”

“ಇಳಿ.”

“ಯಾಕೆ?”

ಯಾಕೆ ಎಂಬುದಕ್ಕೆ ಉತ್ತರ ಬಾಯಿತನಕ ಬಂತು. ಸುತ್ತ ನೂರಾರು ಜನ, ನೂರಾರು ಮೊಬೈಲು. ಒಂದು ಮಾತು ಆಡಿದರೆ ತಮ್ಮ ಇಳಿಯುತ್ತಾನೆ, ಭಾವ ಇನ್ನೆಂದೂ ಯಾವ ಚಾಪೆಯ ಮೇಲೂ ಕೂರುವ ಹಾಗಿರುವುದಿಲ್ಲ, ಅಕ್ಕ ಇನ್ನೆಂದೂ ತವರಿನ ಹೊಸ್ತಿಲು ತುಳಿಯುವ ಹಾಗಿರುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೆ ಹಾವು ಹೆಡೆ ಎತ್ತಿ ನಿಂತಿತ್ತು.

“ಇಳಿ ಅಂದೆ, ಅಷ್ಟೇ.”

“ಇವತ್ತು ನೀನು ನನ್ನ ಮುಂದೆ ಸತ್ರೂ ಇಳಿಯಲ್ಲ,” ಎಂದು ಸುರೂರ್ ಕಿಟಕಿ ಏರಿಸಿದ. ಗೇರು ಬಿತ್ತು. ಗಾಡಿ ತೆವಳಿ ಬಂದು ಮುಂದಿನ ಕಬ್ಬಿಣ ಅಣ್ಣನ ಮೊಣಕಾಲಿಗೆ ತಾಗಿತು. ಒಳಗೆ ಕಡಲೆಕಾಳು ಅಲುಗುವುದು ಶೈಖಾನನಿಗೆ ಮೂಳೆಯಲ್ಲೇ ಕೇಳಿಸಿತು.

ಅವನು ತಲೆಯ ರುಮಾಲು ಬಿಚ್ಚಿದ. ಟೋಪಿಯನ್ನೂ ತೆಗೆದ. ಎರಡನ್ನೂ ಗಾಡಿಯ ಬಾನೆಟ್ಟಿನ ಮೇಲಿಟ್ಟು, ಬೋಳುತಲೆ ಬಾಗಿಸಿ ನಿಂತ.

ಗಂಡಸು ಹತ್ತು ಜನರೆದುರು ರುಮಾಲು ಇಟ್ಟು ಬೇಡಿದರೆ ರಕ್ತದ ದ್ವೇಷವನ್ನೂ ಬಿಟ್ಟುಕೊಡುವ ಜನ ಇವರು. ಅದನ್ನು ದಾಟಿ ಹೋದವನಿಗೆ ಊರಿನಲ್ಲಿ ನೀರು ಹುಟ್ಟುವುದಿಲ್ಲ. ಹಾಗೆಂದು ಯಾರೂ ಅದನ್ನು ಸುಮ್ಮನೆ ಇಡುವುದಿಲ್ಲ. ಇಟ್ಟವನು ಆಮೇಲೆ ಮೊದಲಿನವನಾಗಿ ಉಳಿಯುವುದಿಲ್ಲ. ನಗುತ್ತಿದ್ದವರು ಬಾಯಿ ಮುಚ್ಚಿದರು. ಹಿರಿಯರು ಮುಖ ತಿರುಗಿಸಿದರು, ಆ ಬೋಳುತಲೆಯನ್ನು ನೋಡುವುದು ಅವರಿಂದಾಗಲಿಲ್ಲ. ಸುರೂರ್ ಹುಟ್ಟಿದಾಗಿನಿಂದ ಅಣ್ಣನ ತಲೆಯನ್ನು ಬಯಲಿನಲ್ಲಿ ಕಂಡವನಲ್ಲ. ಎಂಜಿನ್ ನಿಂತಿತು.

ಅವನು ಇಳಿದ. ರುಮಾಲು ಎತ್ತಿ ಅಣ್ಣನ ಕೈಗೆ ತುರುಕಿದ. “ಕೊಂದ್ಬಿಟ್ಟೆ ನನ್ನ,” ಎಂದು, ಯಾರ ಮುಖವನ್ನೂ ನೋಡದೆ ಜನರ ನಡುವೆ ನಡೆದು ಹೋದ.

ಹಿರಿಯರಲ್ಲೊಬ್ಬರು ಬಂದು ಮೆಲ್ಲಗೆ ಕೇಳಿದರು, “ಏನಾಯ್ತು ಶೈಖಾನ್?”

ಮುಸಲ್ಲಮ್ ಹಿಂದೆಯೇ ಬಂದಿದ್ದ. ಬಾಯಿ ತೆರೆದ. ಶೈಖಾನ್ ಅವನ ಮಣಿಕಟ್ಟು ಹಿಡಿದು ಗಟ್ಟಿಯಾಗಿ ಒತ್ತಿದ. “ನಾನು ತಪ್ಪು ಅಳೆದಿದ್ದೆ. ಈಗ ಗೊತ್ತಾಯ್ತು. ತಪ್ಪು ನಂದೇ.”

“ಹಾಗಾದ್ರೆ ಅಳತೆಪಟ್ಟೀನ ದರ್ಜಿಗೆ ಕೊಟ್ಬಿಡು ಅಜ್ಜ!” ಎಂದು ಹಿಂದಿನಿಂದ ಒಂದು ದನಿ ಬಂತು. ತಡೆದಿದ್ದ ನಗು ಮತ್ತೆ ಒಡೆಯಿತು.

ತಾನು ಹೇಳಿದ್ದು ಪೂರ್ತಿ ಸುಳ್ಳೇನೂ ಅಲ್ಲ ಎಂದು ಶೈಖಾನನಿಗೆ ಗೊತ್ತಿತ್ತು. ಅಳೆಯುವ ಕೈ ಅವನದು, ಸುಮ್ಮನಾದ ಕೈಯೂ ಅವನದೇ. ಹಾಗೆಂದು ನೋವು ಕಡಿಮೆಯಾಗಲಿಲ್ಲ. ಬಾನೆಟ್ಟಿನ ಮೇಲೆ ಉಳಿದಿದ್ದ ಟೋಪಿ ಎತ್ತಿ ಹಾಕಿಕೊಂಡು, ಅದರ ಮೇಲೆ ರುಮಾಲು ಸುತ್ತಿಕೊಂಡ.

ಮರುದಿನವೇ ಎಂಜಿನ್ ಬಿಚ್ಚಿದ. ಸುರೂರ್ ಆ ಕಡೆ ಸುಳಿಯಲಿಲ್ಲ. ಜುವೈನಾ ಹೋಗಿ ಬೈದು ಕರೆತಂದಳು. “ಬಾರೋ, ನಿನ್ನ ಮರ್ಯಾದೆ ಎಲ್ಲಿ ಹೋಯ್ತು ಅಂತ ನೋಡ್ಕೊಂಡಾದ್ರೂ ಹೋಗು.” ಅವನು ಚಪ್ಪರದ ಕಂಬಕ್ಕೆ ಒರಗಿ, ಕೈಕಟ್ಟಿ ನಿಂತ. ಮುಸಲ್ಲಮ್ ಮೂಲೆಯಲ್ಲಿ ಕೂತಿದ್ದ. ಶೈಖಾನ್ ಒಂದೊಂದೇ ಪಿಸ್ಟನ್ ಎಳೆದು ತೆಗೆದ. ಮೂರನೆಯದು ಹೊರಬಂದಾಗ ಅದರ ನೆತ್ತಿ ಇಲಿ ಕಡಿದ ಹಾಗೆ ಗುಳಿ ಬಿದ್ದಿತ್ತು. ಉಂಗುರ ಕೂರುವ ಅಂಚು ಬಿರುಕು ಬಿಟ್ಟಿತ್ತು. ಬಯಲಿನ ಓಟಕ್ಕೇ ಇಷ್ಟಾಗಿತ್ತು. ಶೈಖಾನ್ ಅದನ್ನು ತಮ್ಮನ ಅಂಗೈಗೆ ಇಟ್ಟ. ಸುರೂರ್ ಹೆಬ್ಬೆರಳಿನಿಂದ ಒತ್ತಿದ. ಅಂಚು ಬಿಸ್ಕತ್ತಿನ ಹಾಗೆ ಮುರಿದು ಕೈಯಲ್ಲಿ ಉಳಿಯಿತು.

ಆ ಚೂರನ್ನು ತಿರುಗಿಸಿ ನೋಡಿದ. “ಎಲ್ಲೀ ತನಕ ಹತ್ತುತ್ತಿತ್ತು?”

“ಹೆಗಲ ತನಕ.”

ಸುರೂರ್ ಕಂಬ ಹಿಡಿದು ಕುಕ್ಕರಿಸಿದ. ಆಗ ಮೂಲೆಯಿಂದ ಮುಸಲ್ಲಮ್, ಯಾರೂ ಕೇಳದೆ, ಎಲ್ಲವನ್ನೂ ಹೇಳಿದ. ನೀರು, ಕುದಿತ, ರಂದ, ನಾಣ್ಯದ ಅಂಚು. ಹೇಳುತ್ತ ಹೇಳುತ್ತ ಬಿಳಿಗಡ್ಡ ನೆನೆಯಿತು. ಸುರೂರ್ ಎದ್ದು ನಿಂತ, ಕಣ್ಣು ಕೆಂಪಾಗಿತ್ತು.

“ನಾನು ಸಾಯ್ತಿದ್ದೆ! ಊರ ಮುಂದೆ ನಮ್ಮಣ್ಣ ತಲೆ ಬೋಳಿಸ್ಕೊಂಡ ಹಾಗೆ ನಿಂತ! ಇವತ್ತೇ ಹೋಗಿ ಮಜ್ಲಿಸ್ಸಲ್ಲಿ ಹೇಳ್ತೀನಿ, ಯಾರು ಏನು ಮಾಡಿದ್ರು ಅಂತ.”

“ಹೇಳು,” ಎಂದ ಶೈಖಾನ್. “ಹಾಗೇ ಹಬ್ಬಕ್ಕೆ ಅಕ್ಕನ ಮನೆಗೆ ಹೇಗೆ ಹೋಗ್ತೀಯ ಅಂತಾನೂ ಹೇಳು.”

ಸುರೂರ್ ಪಿಸ್ಟನ್ನನ್ನು ನೆಲಕ್ಕೆ ಕುಕ್ಕಿ ಹೊರಟುಹೋದ.

ಆಮೇಲೆ ಶೈಖಾನನ ಅಂಗಳಕ್ಕೆ ಗಾಡಿಗಳು ಬರುವುದು ನಿಂತಿತು. ತಮ್ಮನ ಎಂಜಿನ್ನೇ ತಪ್ಪು ಅಳೆದವನು ನಮ್ಮದನ್ನು ಏನು ಅಳೆದಾನು ಎಂದು ಹುಡುಗರು ಇಬ್ರಾದ ಕಡೆ ಹೋದರು. ಸರಪಳಿಗೆ ತುಕ್ಕು ಹಿಡಿಯಿತು. ತೋಟದ ಪಂಪುಗಳ ಸಣ್ಣಪುಟ್ಟ ರಿಪೇರಿ ಅವನ ಪಾಲಿಗೆ ಉಳಿಯಿತು. ದಾರಿಯಲ್ಲಿ ಮಕ್ಕಳು ಕೂಡ “ಎಂಟೂವರೆ” ಎಂದು ಕೂಗಿ ಓಡುತ್ತಿದ್ದವು. ಆ ಹೆಸರಿಗೆ ಈಗ ಬೇರೆ ರುಚಿ ಬಂದಿತ್ತು. ಅವನಿಗೆ ಉರಿಯುತ್ತಿತ್ತು, ಇಲ್ಲವೆಂದರೆ ಸುಳ್ಳಾದೀತು. ತಮ್ಮ ಎದುರು ಸಿಕ್ಕರೆ ಸಲಾಂ ಹೇಳಿ ಪಕ್ಕಕ್ಕೆ ಸರಿಯುತ್ತಿದ್ದ. ಅದು ಇನ್ನೂ ಹೆಚ್ಚು ಉರಿಯುತ್ತಿತ್ತು.

ಬೇಸಿಗೆಯ ಹೊತ್ತಿಗೆ ಊರಿನಲ್ಲೊಂದು ಮದುವೆಯಾಯಿತು. ಗಂಡಸರೆಲ್ಲ ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. ಶೈಖಾನ್ ಒಂದು ಮೂಲೆಯಲ್ಲಿ, ಮುಸಲ್ಲಮ್ ಎದುರು ಸಾಲಿನಲ್ಲಿ, ಸುರೂರ್ ಬಾಗಿಲ ಹತ್ತಿರ. ಜಅಲಾನ್‌ನಿಂದ ನೆಂಟರು ಬಂದಿದ್ದರು. ಊಟ ಮುಗಿದು ಕಾಫಿ ಸುತ್ತುತ್ತಿದ್ದಾಗ ಅವರಲ್ಲೊಬ್ಬ, ಕೆಂಪು ಗಾಡಿಯವನೇ, ಸುರೂರನ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದ.

“ಏನಯ್ಯ ಸುರೂರ್, ಜನ ಏನೇನೋ ಅಂತಾರೆ. ನಿಮ್ಮಣ್ಣ ನಿಜವಾಗ್ಲೂ ತಪ್ಪು ಅಳೆದ್ನಾ, ಇಲ್ಲ ನಿನಗೇ ಹೆದರಿಕೆಯಾಗಿ ಅವನ ಕೈಲಿ ನಾಟಕ ಆಡಿಸಿದ್ಯಾ?”

ಮುಸಲ್ಲಮ್ ಬಟ್ಟಲನ್ನು ತುಟಿಯ ಬಳಿಯೇ ಹಿಡಿದು ಕಲ್ಲಾದ. ಸುರೂರನ ಕಿವಿ ಕೆಂಪೇರಿತು. ಈ ಹುಡುಗನ ಸಿಟ್ಟು ಶೈಖಾನನಿಗೆ ಗೊತ್ತಿತ್ತು. ಒಂದು ಮಾತು, ಒಂದೇ ಮಾತು, ಅಣ್ಣನ ಹೆಸರನ್ನು ತೊಳೆದುಕೊಡುತ್ತಿತ್ತು, ಒಂದು ಮನೆಯನ್ನು ಮುರಿದುಹಾಕುತ್ತಿತ್ತು.

ಸುರೂರ್ ಎದ್ದ. ಸಾಲಿನುದ್ದಕ್ಕೂ ನಡೆದು ಬಂದು ಅಣ್ಣನ ಪಕ್ಕದಲ್ಲಿ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತ.

“ಹೌದು,” ಎಂದ. “ತಪ್ಪು ಅಳೆದ.”

ಎಲ್ಲರೂ ನಕ್ಕರು. ತಮ್ಮನ ಬಾಯಿಂದ ಎಷ್ಟೋ ನಿಜಗಳನ್ನು ಕೇಳಿ ನೊಂದಿದ್ದ ಶೈಖಾನ್ ಈ ಒಂದು ಸುಳ್ಳಿಗೆ ಕಣ್ಣು ತುಂಬಿಕೊಂಡ. ಯಾರಿಗೂ ಕಾಣದಿರಲೆಂದು ಎಲ್ಲರಿಗಿಂತ ಜೋರಾಗಿ ನಕ್ಕ.